ಮೂರನೆಯ ಕೋಣೆಯ ಮಾಳಿಗೆ

ಕಮಲಾಪುರ
೯ ಜೂನ್ ೨೦೨೫

ಮಾಳಿಂಗರಾಯ, ಶರಣು.

ನಾನು ಶಾಲೆಯಲ್ಲಿ ನಿನಗೆ ಕಲಿಸಿದ ಶಿವಕಾಂತಮ್ಮ ಅಕ್ಕೋರು. ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿರುತ್ತೀಯ ಎಂದುಕೊಂಡಿದ್ದೇನೆ. ನಿನ್ನ ಮದುವೆಯಲ್ಲಿ ಅಕ್ಷತೆ ಹಾಕಿ ಬಂದ ಮೇಲೆ ನಿನ್ನನ್ನು ನೋಡಿಲ್ಲ. ಈಗ ಕಲಬುರಗಿಯಲ್ಲಿ ನಮ್ಮ ಇಲಾಖೆಯ ಕಚೇರಿಯಲ್ಲೇ ಇದ್ದೀಯ, ಶಾಲೆಗಳ ದುರಸ್ತಿ ಅರ್ಜಿ ನೋಡುವ ಶಾಖೆಯಲ್ಲಿದ್ದೀಯ ಎಂದು ಫುರ್ಕಾನ್ ಸರ್ ಹೇಳಿದರು. ಅವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಕಲಬುರಗಿ ಕೋಟೆ ಹತ್ತಿರದ ತಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಈ ಕಾಗದ ತಂದವರೂ ಅವರೇ. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ಆಡಿದ ಮಾತಿಗೆ ಸ್ವೀಕೃತಿಯ ಇನ್‌ವರ್ಡ್ ನಂಬರ್ ಇರುವುದಿಲ್ಲ ಎಂಬುದನ್ನು ನಿಮ್ಮ ಕಚೇರಿಯವರೇ ನನಗೆ ಕಲಿಸಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಸರಕಾರಿ ಶಾಲೆಗಳ ಸುರಕ್ಷತೆಗೆಂದು ಹೊಸ ಮಸೂದೆಯ ಕರಡು ಬಂದಿದೆಯಲ್ಲ, ಅದನ್ನು ಎರಡು ಸಲ ಓದಿದೆ. ಮುಖ್ಯ ಗುರುಗಳು, ಅಂದರೆ ಇಲ್ಲಿ ನಾನು, ಪ್ರತಿ ವರ್ಷ ‘ಕಟ್ಟಡ ಸುರಕ್ಷಿತವಾಗಿದೆ’ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಸುಳ್ಳು ಬರೆದರೆ ಶಿಕ್ಷೆ. ಬರೆಯದಿದ್ದರೆ ಶಾಲೆಗೆ ಬೀಗ ಹಾಕಿ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುತ್ತಾರೆ. ವಿನಾಯಿತಿ ಒಂದೇ ಇದೆ. ಜೂನ್ ಒಂದಕ್ಕಿಂತ ಮೊದಲು ಕೊಟ್ಟ ದುರಸ್ತಿ ಅರ್ಜಿ ಚಾಲ್ತಿಯಲ್ಲಿದ್ದರೆ, ಕೆಟ್ಟ ಕೋಣೆಗೆ ಮಾತ್ರ ಬೀಗ ಹಾಕಿ ಶಾಲೆ ನಡೆಸಬಹುದು. ಕಾನೂನು ಇನ್ನೂ ಆಗಿಲ್ಲ, ಆದರೂ ಈ ವರ್ಷ ಪ್ರಯೋಗವೆಂದು ಜುಲೈ ಹತ್ತರೊಳಗೆ ಪ್ರಮಾಣಪತ್ರ ಕೊಡಿ ಎಂದು ಸುತ್ತೋಲೆ ಬಂದಿದೆ. ನಾನು ಇದನ್ನು ಕೆಟ್ಟ ಕಾನೂನು ಎನ್ನುವುದಿಲ್ಲ. ಮಕ್ಕಳ ಮೇಲೆ ಕಲ್ಲು ಬೀಳಬಾರದು ಎಂದರೆ ಯಾರು ಬೇಡ ಎನ್ನುತ್ತಾರೆ.

ನಮ್ಮ ಮೂರನೆಯ ಕೋಣೆಯ ಮಾಳಿಗೆ ಬೀಳುವ ಹಾಗಾಗಿದೆ. ನೀನು ಓದಿದ ಕೋಣೆಯೇ. ಗರ್ಡರ್ ಮೇಲೆ ಪರಸಿ ಕಲ್ಲು ಹಾಸಿ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆ. ಗರ್ಡರ್ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ. ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಒಂದೇ ಉತ್ತರ: ‘ದೂರು ಅನ್ವಯಿಸುವುದಿಲ್ಲ. ಮುಕ್ತಾಯ.’ ಯಾಕೆ ಅನ್ವಯಿಸುವುದಿಲ್ಲ ಎಂದು ಯಾರೂ ಬರೆದಿಲ್ಲ. ನೀನು ಆ ಶಾಖೆಗೆ ಈಚೆಗೆ ಬಂದಿರಬೇಕು. ಇಲ್ಲದಿದ್ದರೆ ನಮ್ಮ ಅರ್ಜಿಗೆ ಈ ಗತಿ ಬರುತ್ತಿರಲಿಲ್ಲ. ಹುಡುಕಿ ನೋಡಿ, ಯಾರು ಮುಚ್ಚಿದರು, ಯಾಕೆ ಮುಚ್ಚಿದರು, ಮತ್ತೆ ತೆರೆಯಲು ಏನು ಮಾಡಬೇಕು ಎಂದು ಬರೆ.

ಶಾಲೆ ಮುಚ್ಚಿದರೆ ನಮ್ಮ ಎಂಬತ್ತಮೂರು ಮಕ್ಕಳು ಹೆದ್ದಾರಿ ದಾಟಿ ಆಚೆ ಶಾಲೆಗೆ ಹೋಗಬೇಕು. ಹುಮನಾಬಾದ್ ಕಡೆಯ ಲಾರಿಗಳು ಹೇಗೆ ಬರುತ್ತವೆ ಎಂದು ನಿನಗೆ ಗೊತ್ತು. ಗಂಡುಹುಡುಗರು ಹೋದಾರು, ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮನೆಯಲ್ಲೇ ಉಳಿಯುತ್ತಾರೆ. ನನಗೆ ಇದೊಂದೇ ಚಿಂತೆ.

ನಮ್ಮೂರಿನ ಕೆಂಪು ಬಾಳೆಹಣ್ಣು ಆರು ಕಳಿಸಿದ್ದೇನೆ. ನಿನ್ನ ಹೆಂಡತಿ ಭಾಗ್ಯಳಿಗೂ ಕೊಡು, ನೀನೊಬ್ಬನೇ ತಿನ್ನಬೇಡ.

ಶಿವಕಾಂತಮ್ಮ


ಕಲಬುರಗಿ
೧೩ ಜೂನ್ ೨೦೨೫

ಪೂಜ್ಯ ಅಕ್ಕೋರ ಪಾದಗಳಿಗೆ ಮಾಳಿಂಗರಾಯನ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಇಪ್ಪತ್ತಾರು ವರ್ಷಗಳ ನಂತರವೂ ತಮ್ಮ ಕೈಬರಹ ಒಂದಿಷ್ಟೂ ಬದಲಾಗಿಲ್ಲ. ಬಾಳೆಹಣ್ಣು ಭಾಗ್ಯಳಿಗೆ ಬಹಳ ಇಷ್ಟವಾಯಿತು. ತಮ್ಮ ಆರೋಗ್ಯ ಹೇಗಿದೆ? ಮೊಣಕಾಲು ನೋವು ಎಂದು ಫುರ್ಕಾನ್ ಸರ್ ಹೇಳಿದರು. ಇಲ್ಲಿ ಸ್ಟೇಶನ್ ಬಜಾರದಲ್ಲಿ ಒಬ್ಬ ಒಳ್ಳೆಯ ಮೂಳೆ ಡಾಕ್ಟರು ಇದ್ದಾರೆ. ಬರುವುದಾದರೆ ನಾನೇ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಮಸೂದೆಯ ಬಗ್ಗೆ ತಾವು ಬರೆದಿದ್ದೀರಿ. ಕರಡಿನ ಮೇಲೆ ಸಾರ್ವಜನಿಕರ ಸಲಹೆ ಸ್ವೀಕರಿಸುವ ಕೆಲಸ ನಮ್ಮ ಕಚೇರಿಗೇ ಬಂದಿದೆ. ಜುಲೈ ಹತ್ತು ಅದಕ್ಕೂ ಕೊನೆಯ ದಿನ. ತಮ್ಮಂಥ ಅನುಭವಿಗಳು ಖಂಡಿತ ಬರೆಯಬೇಕು. ಯಾವ ಕಲಮಿಗೆ ಸಲಹೆ ಎಂದು ಮೇಲೆ ನಮೂದಿಸಿ, ಸಹಿ ಹಾಕಿ, ಮೂರು ಪ್ರತಿಗಳನ್ನು ಕಳಿಸಬೇಕು. ಇದುವರೆಗೆ ಹನ್ನೊಂದು ಸಲಹೆಗಳು ಬಂದಿವೆ. ಅದರಲ್ಲಿ ಒಂಬತ್ತು ಕಂಪೌಂಡ್ ಗೋಡೆಯ ಬಗ್ಗೆಯೇ ಇವೆ.

ಛಾವಣಿಯ ಅರ್ಜಿಗಳ ಬಗ್ಗೆ ಹೇಳುವುದಾದರೆ, ಹಳೆಯ ಕಡತಗಳನ್ನು ಹುಡುಕಿಸುತ್ತಿದ್ದೇನೆ. ಛಾವಣಿ ದುರಸ್ತಿಯ ವಿಷಯಗಳು ಹಲವು ಮೇಜುಗಳನ್ನು ದಾಟಿ ಹೋಗುತ್ತವೆ, ಸ್ವಲ್ಪ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮಕ್ಕಳನ್ನು ಆ ಛಾವಣಿಯ ಕೆಳಗೆ ಕೂರಿಸದಿದ್ದರೆ ಒಳ್ಳೆಯದು. ಪ್ರಮಾಣಪತ್ರಕ್ಕೆ ಸದ್ಯಕ್ಕೆ ಸಹಿ ಹಾಕಬೇಡಿ, ಹಾಕುವುದಿಲ್ಲ ಎಂದೂ ಬರೆಯಬೇಡಿ. ನೋಡೋಣ.

ಆ ಕೋಣೆಯಲ್ಲಿ ಕಿಟಕಿಯ ಪಕ್ಕದ ಎರಡನೆಯ ಮಣೆ ನನ್ನದಾಗಿತ್ತು. ಅದು ಈಗಲೂ ಇದೆಯೇ?

ತಮ್ಮ ವಿಧೇಯ ವಿದ್ಯಾರ್ಥಿ
ಮಾಳಿಂಗರಾಯ


ಕಮಲಾಪುರ
೨೦ ಜೂನ್ ೨೦೨೫

ಮಾಳಿಂಗರಾಯ, ಶರಣು.

ನಾನು ಕೇಳಿದ್ದು ಮೂರು ಪ್ರಶ್ನೆ. ನೀನು ನನ್ನ ಮೊಣಕಾಲಿನ ಬಗ್ಗೆ ಬರೆದೆ, ಕಂಪೌಂಡ್ ಗೋಡೆಯ ಬಗ್ಗೆ ಬರೆದೆ, ಮಣೆಯ ಬಗ್ಗೆ ಕೇಳಿದೆ. ಪರೀಕ್ಷೆಯಲ್ಲಿ ಉತ್ತರ ಬಾರದಿದ್ದಾಗ ನೀನು ಹೀಗೆಯೇ ಪುಟ ತುಂಬಿಸುತ್ತಿದ್ದೆ. ಮೇಲಾಗಿ ಛಾವಣಿ, ಛಾವಣಿ ಎಂದು ಬರೆದಿದ್ದೀಯ. ಮಾಳಿಗೆ ಎಂದರೆ ಆಫೀಸಿನವರ ನಾಲಿಗೆಗೆ ಮುಳ್ಳು ಚುಚ್ಚುತ್ತದೇನು?

ಇರಲಿ. ನಿನ್ನ ಮಣೆ ಮೊನ್ನೆ ಮಂಗಳವಾರದವರೆಗೆ ಇತ್ತು.

ಮಂಗಳವಾರ ಮಧ್ಯಾಹ್ನ ಜೋರು ಮಳೆ ಬಂತು. ನಾಲ್ಕೂವರೆಗೆ ಶಾಲೆ ಬಿಟ್ಟೆವು. ನಾನು ಹಾಜರಿ ಪುಸ್ತಕ ಕಟ್ಟುತ್ತಿದ್ದೆ. ಬಿಸಿಯೂಟದ ಬಂಡೆಮ್ಮ ಪಾತ್ರೆ ತೊಳೆದಿಟ್ಟು ಕಸಬರಿಗೆ ಹಿಡಿದು ಮೂರನೆಯ ಕೋಣೆಗೆ ಹೊರಟವಳು ಬಾಗಿಲಲ್ಲೇ ನಿಂತು ಕೂಗಿದಳು: “ಅಕ್ಕೋರೆ, ಒಳಗ ಬರಬ್ಯಾಡ್ರಿ. ಮಾಳಿಗಿ ಮಣ್ಣು ಉದುರಾಕತ್ತದ.” ಅವಳ ಮಾತು ಮುಗಿಯುವಷ್ಟರಲ್ಲಿ ಒಂದು ಪರಸಿ ಕಳಚಿ ಬಿತ್ತು. ಮಣ್ಣೆಲ್ಲ ಅದರ ಹಿಂದೆಯೇ ಸುರಿಯಿತು. ಕಿಟಕಿಯ ಪಕ್ಕದ ಎರಡನೆಯ ಮಣೆ ಎರಡು ತುಂಡಾಯಿತು. ಈ ವರ್ಷ ಅಲ್ಲಿ ಕೂರುವವಳು ಅಂಜನಾ. ಬಂಡೆಮ್ಮನ ಮೊಮ್ಮಗಳು, ಐದನೆಯ ತರಗತಿ, ನಿನ್ನ ಹಾಗೆ ಕಿಟಕಿಯ ಹೊರಗೆ ನೋಡುವ ಚಾಳಿ.

ಶಾಲೆ ಬಿಟ್ಟು ಹತ್ತು ನಿಮಿಷ ಆಗಿತ್ತು. ಬಂಡೆಮ್ಮ ಅಳಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಳಿತು, “ನನ್ನ ಕೂಸು ಮನಿಗಿ ಹೋಗ್ಯಾಳಲ್ರಿ, ನಾನೇ ಕಳಿಸೀನಿ, ಹೌದಿಲ್ರಿ?” ಎಂದು ಮೂರು ನಾಲ್ಕು ಸಲ ನನ್ನನ್ನೇ ಕೇಳಿದಳು. ನಾನು ಹೌದೆಂದೆ.

ಕೋಣೆಗೆ ಬೀಗ ಹಾಕಿದ್ದೇನೆ. ನಾಲ್ಕು ಮತ್ತು ಐದನೆಯ ತರಗತಿ ಅಡುಗೆ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕೂರುತ್ತವೆ. ಬೇಳೆ ಕುದಿಯುವ ವಾಸನೆಯಲ್ಲಿ ಭಾಗಾಕಾರ ಕಲಿಯುತ್ತಿದ್ದಾರೆ.

ಇನ್ನೊಂದು ಮಾತು. ನಿನ್ನ ಕಾಗದ ಓದಿದ ಮೇಲೆ ನನಗೆ ಅನಿಸಿದ್ದು, ಮೇಲಿನವರು ಯಾರೋ ನಿನ್ನ ಬಾಯಿ ಕಟ್ಟಿದ್ದಾರೆ. ಅರ್ಜಿ ಮುಚ್ಚಿದ ದೊಡ್ಡವರ ಹೆಸರು ಹೇಳಲು ನಿನಗೆ ಭಯವಿದೆ. ಹಾಗಿದ್ದರೆ ಬಿಡಪ್ಪ. ನನ್ನ ಹಟಕ್ಕೆ ನಿನ್ನ ನೌಕರಿಗೆ ಕುತ್ತು ಬರುವುದು ಬೇಡ. ನಾನು ಕಲಿಸಿದ ಮಕ್ಕಳಲ್ಲಿ ಆಫೀಸಿನ ಕುರ್ಚಿ ಹಿಡಿದವನು ನೀನೊಬ್ಬನೇ. ಬೇರೆ ಯಾರನ್ನಾದರೂ ಕೇಳುತ್ತೇನೆ.

ಶಿವಕಾಂತಮ್ಮ


ಕಲಬುರಗಿ
೨೩ ಜೂನ್ ೨೦೨೫

ಅಕ್ಕೋರೆ,

ನನ್ನ ಬಾಯಿ ಯಾರೂ ಕಟ್ಟಿಲ್ಲ. ಆ ಮೂರು ಅರ್ಜಿಗಳನ್ನು ಮುಚ್ಚಿದವನು ನಾನು.

ತಮ್ಮ ಮೊದಲನೆಯ ಪತ್ರದಲ್ಲಿ ‘ಮಾಳಿಗೆ’ ಎಂಬ ಪದ ಓದಿದ ಕ್ಷಣವೇ ನನಗೆ ತಿಳಿಯಿತು. ಆಮೇಲೆ ಹುಡುಕುತ್ತಿದ್ದೇನೆ ಎಂದು ಬರೆದದ್ದು ಸುಳ್ಳು. ಹುಡುಕುವುದು ಏನೂ ಇರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮ ಕಂಪ್ಯೂಟರಿನಲ್ಲಿ ದುರಸ್ತಿ ಅರ್ಜಿಗೆ ಒಂದು ನಮೂನೆ ಇದೆ. ಬೆಂಗಳೂರಿನಿಂದ ಬಂದದ್ದು. ‘ಕಟ್ಟಡದ ಯಾವ ಭಾಗ’ ಎಂಬ ಕಾಲಮಿನಲ್ಲಿ ನೆಲಮಹಡಿ, ಮಾಳಿಗೆ, ಛಾವಣಿ, ಆವರಣ ಎಂದಿದೆ. ಅಲ್ಲಿ ಮಾಳಿಗೆ ಎಂದರೆ ಮೇಲಿನ ಅಂತಸ್ತು. ತಾವು ಬರೆದದ್ದು ಎರಡೇ ಸಾಲು: ‘ಮೂರನೆಯ ಕೋಣೆಯ ಮಾಳಿಗೆ ಅಪಾಯದಲ್ಲಿದೆ. ದುರಸ್ತಿ ಮಾಡಿಸಿಕೊಡಿ.’ ನಾನು ಮಾಳಿಗೆ ಎಂದು ಒತ್ತಿದೆ. ಶಾಲೆಗೆ ಒಂದೇ ಅಂತಸ್ತು ಎಂದು ದಾಖಲೆ ತೋರಿಸಿತು. ಇಲ್ಲದ ಮಾಳಿಗೆಗೆ ದುರಸ್ತಿ ಎಲ್ಲಿಯದು? ‘ಅನ್ವಯಿಸುವುದಿಲ್ಲ’ ಎಂದು ಬರೆದೆ.

ಮೊದಲ ಎರಡು ಸಲ ನಾನು ಶಾಲೆಯ ಹೆಸರು ನೋಡಿರಲಿಲ್ಲ. ಪರದೆಯ ಮೇಲೆ ಶಾಲೆಯ ಸಂಕೇತ ಸಂಖ್ಯೆ ಮಾತ್ರ ಬರುತ್ತದೆ. ಇಷ್ಟೇ ಆಗಿದ್ದರೆ ತಮಗೆ ಮುಖ ತೋರಿಸಬಹುದಿತ್ತು. ಮೂರನೆಯ ಸಲ, ಈ ಜನವರಿಯಲ್ಲಿ, ಕಾಗದದ ಮೇಲೆ ತಮ್ಮ ಸಹಿ ನೋಡಿದೆ. ‘ನಮ್ಮ ಶಾಲೆಗೆ ಮಾಳಿಗೆ ಎಲ್ಲಿಂದ ಬಂತು, ಅಕ್ಕೋರಿಗೆ ವಯಸ್ಸಾಯಿತು’ ಎಂದು ಪಕ್ಕದ ಮೇಜಿನ ಮರೆಪ್ಪನಿಗೆ ಹೇಳಿ ನಕ್ಕೆ. ನಕ್ಕು ಮುಕ್ತಾಯ ಒತ್ತಿದೆ.

ಆ ಮಾಳಿಗೆಯ ಮೇಲೆ ಏರಿ ಚೆಂಡು ತಂದವನು ನಾನು. ನನ್ನ ತಾಯಿ ಈಗಲೂ ಫೋನಿನಲ್ಲಿ, “ಮಾಳಿಗಿ ಮ್ಯಾಲ ಹಪ್ಪಳ ಹಾಕೀನಿ, ಆಮ್ಯಾಲ ಮಾತಾಡ್ತೀನಿ” ಎನ್ನುತ್ತಾಳೆ. ಮನೆಯಲ್ಲಿ ಅರ್ಥವಾಗುವ ಮಾತು ಆಫೀಸಿನ ಮೆಟ್ಟಿಲು ಹತ್ತಿದ ಕೂಡಲೇ ನನಗೆ ಅರ್ಥವಾಗದೆ ಹೋಯಿತು. ಯಾಕೆ ಹೀಗಾಯಿತು ಎಂದು ನನಗೆ ತಿಳಿಯುತ್ತಿಲ್ಲ.

ನಾಳೆ ಕಡತದಲ್ಲಿ ಬರೆದು ಕೊಡುತ್ತೇನೆ. ಅರ್ಜಿಗಳನ್ನು ತಪ್ಪಾಗಿ ಮುಚ್ಚಲಾಗಿದೆ, ತಪ್ಪು ನನ್ನದು ಎಂದು ಬರೆದರೆ ಮಾತ್ರ ಅವು ಹಳೆಯ ದಿನಾಂಕಕ್ಕೆ ಮತ್ತೆ ಚಾಲ್ತಿಗೆ ಬರುತ್ತವೆ. ಬೇರೆ ದಾರಿ ಇಲ್ಲ, ಬೇರೆ ದಾರಿ ನನಗೆ ಬೇಕಾಗಿಯೂ ಇಲ್ಲ.

ಆ ಹುಡುಗಿ ಅಂಜನಾ ಶಾಲೆಗೆ ಬರುತ್ತಿದ್ದಾಳೆಯೇ?

ಮಾಳಿಂಗರಾಯ


ಕಲಬುರಗಿ
೧ ಜುಲೈ ೨೦೨೫

ಅಕ್ಕೋರೆ,

ಎಂಟು ದಿನದಿಂದ ಬೆಳಿಗ್ಗೆ ಬಸ್ ಹೊರಡುವ ಮುಂಚೆ ಫುರ್ಕಾನ್ ಸರ್ ಅವರನ್ನು ಕಾಣುತ್ತಿದ್ದೇನೆ. ದಿನಾ ಅವರದು ಒಂದೇ ಮಾತು: “ಕಾಗದ ಕೊಟ್ಟಿಲ್ರೀ. ಆರಾಮ ಅದಾರ.” ತಾವು ಆರಾಮ ಇದ್ದೀರಿ ಎಂಬುದಷ್ಟೇ ನನಗೆ ಸಾಕು.

ವರದಿ ಒಪ್ಪಿಸುವುದು ನನ್ನ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ. ಟಿಪ್ಪಣಿ ಮಂಡಿಸಿದೆ. ನಮ್ಮ ಅಧಿಕಾರಿ ವಿವೇಕಾನಂದ ಅವರು ಮೈಸೂರು ಕಡೆಯವರು. ಎರಡು ಸಲ ಓದಿ, “ಅಲ್ಲ ಕಣ್ರೀ, ಮಾಳಿಗೆ ಅಂದ್ರೆ ಮೇಲ್ಗಡೆ ಫ್ಲೋರ್ ತಾನೇ?” ಎಂದರು. ನಾನು, “ಇಲ್ರೀ ಸಾಹೇಬ್ರ, ನಮ್ಮ ಕಡೆ ತಲಿ ಮ್ಯಾಲ ಇರೋದಕ್ಕ ಮಾಳಿಗಿ ಅಂತಾರ” ಎಂದೆ. ಆಫೀಸಿನಲ್ಲಿ ಹನ್ನೆರಡು ವರ್ಷದಲ್ಲಿ ನಮ್ಮ ಮಾತು ಆಡಿದ್ದು ಅದೇ ಮೊದಲು. ಅವರು ಪೆನ್ನು ತೆಗೆದು ಸಹಿ ಹಾಕಿದರು.

ಗುರುವಾರ ಇಂಜಿನಿಯರ್ ಬರುತ್ತಾರೆ. ಕೋಣೆಯ ಬೀಗ ತೆಗೆದಿಡಬೇಕು, ಆದರೆ ಒಳಗೆ ತಾವು ಹೋಗಬೇಡಿ. ನನ್ನ ಮೇಲೆ ಏನೂ ಆಗಿಲ್ಲ. ಎಲ್ಲ ಸರಿಯಾಗಿದೆ.

ಮಾಳಿಂಗರಾಯ


ಕಮಲಾಪುರ
೬ ಜುಲೈ ೨೦೨೫

ಮಾಳಿಂಗರಾಯ, ಶರಣು.

ಎಲ್ಲ ಸರಿಯಾಗಿದೆ ಎಂದು ಬರೆದಿದ್ದೀಯ. ನಿನಗೆ ನೋಟಿಸ್ ಬಂದದ್ದು, ಈ ತಿಂಗಳು ಆಗಬೇಕಿದ್ದ ಬಡ್ತಿ ನಿಂತು ಹೋದದ್ದು ಫುರ್ಕಾನ್ ಸರ್ ಅವರಿಗೆ ಗೊತ್ತು. ಹೇಳಬಾರದು ಎಂದು ನೀನು ಅವರಿಂದ ಭಾಷೆ ತೆಗೆದುಕೊಂಡಿದ್ದೆಯಂತೆ. ನಾನು ಎದುರು ಕೂರಿಸಿಕೊಂಡು ಕೇಳಿದೆ. ಐದು ನಿಮಿಷ ತಡೆದರು, ಪಾಪ.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ಬಹಳ ಸಿಟ್ಟು. ಮುಚ್ಚಿದ್ದಕ್ಕಿಂತ ನೀನು ನಕ್ಕಿದ್ದಕ್ಕೆ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಅದರಲ್ಲಿ ಏನಿತ್ತು ಎಂದು ಈಗ ಹೇಳುವುದಿಲ್ಲ, ನಿನಗೆ ನಿದ್ದೆ ಬರಲಿಕ್ಕಿಲ್ಲ.

ಆಮೇಲೆ ಕಳೆದ ಸೋಮವಾರ ಒಂದು ಸಂಗತಿ ನಡೆಯಿತು. ಪಡಸಾಲೆಯಲ್ಲಿ ನಾಲ್ಕನೆಯ ತರಗತಿಗೆ ಪದಗಳ ಅರ್ಥ ಹೇಳುತ್ತಿದ್ದೆ. ಮನಸ್ಸಿನಲ್ಲಿ ಇದೇ ಕೊರೆಯುತ್ತಿತ್ತಲ್ಲ, ಪಾಠದಲ್ಲಿ ಇಲ್ಲದಿದ್ದರೂ, “ಮಾಳಿಗೆ ಎಂದರೇನು?” ಎಂದು ಕೇಳಿದೆ. ಹದಿನೆಂಟು ಮಕ್ಕಳೂ ಬೆರಳೆತ್ತಿ ತಲೆಯ ಮೇಲೆ ತೋರಿಸಿದರು.

ಆ ಬೆರಳುಗಳನ್ನು ನೋಡಿದಾಗ ನೀನು ನೆನಪಾದೆ. ನಾಲ್ಕನೆಯ ತರಗತಿಯಲ್ಲಿ ನೀನೂ ಹೀಗೆಯೇ ಬೆರಳೆತ್ತಿದ್ದೆ. ಪಾಟಿಯ ಮೇಲೆ ‘ಮಾಳಿಗಿ ಅಂದರೆ ಹಪ್ಪಳ ಒಣಗಿಸುವ ಜಾಗ’ ಎಂದು ಬರೆದಿದ್ದೆ. ನಾನು ಅದನ್ನು ಅಳಿಸಿದೆ. ಇದು ಹಳ್ಳಿ ಮಾತು, ಪುಸ್ತಕದಲ್ಲಿ ಹೀಗಿಲ್ಲ ಎಂದು ಬೈದೆ. ‘ಮಾಳಿಗೆ ಎಂದರೆ ಮಹಡಿ’ ಎಂದು ನಿನ್ನ ನೋಟ್‌ಬುಕ್ಕಿನಲ್ಲಿ ಹತ್ತು ಸಲ ಬರೆಸಿದೆ. ನೀನು ಅಳುತ್ತ ಬರೆದೆ. ಏಳನೆಯ ಸಾಲಿನಲ್ಲಿ ಒತ್ತಕ್ಷರವೇ ಇಲ್ಲದ ಪದಕ್ಕೆ ಒತ್ತು ಹಾಕಿದ್ದಕ್ಕೆ ಮತ್ತೆ ಬೈದೆ. ಬೀಳುವ ಮಾಳಿಗೆಗೆ ಅರ್ಜಿ ಬರೆಯುವಾಗ ನಾನು ಮಾತ್ರ ಪುಸ್ತಕವನ್ನು ಮರೆತು ನನ್ನ ತಾಯಿಯ ಮಾತಿನಲ್ಲಿ ಬರೆದೆ. ನೀನು ನಾನು ಕಲಿಸಿದ ಹಾಗೆ ಓದಿದೆ.

ಯಾಕೆ ಹೀಗಾಯಿತು ಎಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೆಯಲ್ಲ. ನಿನಗೆ ತಿಳಿದಿತ್ತು ಮಗನೇ. ಗುರುವಿನ ಮೇಲೆ ಹಾಕಬಾರದು ಎಂದು ಬರೆಯಲಿಲ್ಲ, ಅಷ್ಟೇ. ಅಥವಾ ನಿಜಕ್ಕೂ ಮರೆತಿರಬಹುದು. ಎರಡರಲ್ಲಿ ಯಾವುದಾದರೂ ನನಗೆ ಸಂಕಟವೇ. ನೀನು ನಕ್ಕಿದ್ದು ತಪ್ಪು, ಅದು ನಿನ್ನದೇ, ಅದರಲ್ಲಿ ನಾನು ಪಾಲು ಕೇಳುವುದಿಲ್ಲ. ಉಳಿದದ್ದರಲ್ಲಿ ಅರ್ಧ ನನ್ನದು. ನೋಟಿಸಿಗೆ ಉತ್ತರ ಕೊಡುವಾಗ ಈ ಕಾಗದವನ್ನು ಜೊತೆಗೆ ಲಗತ್ತಿಸು. ಬೇಡ ಎನ್ನಬೇಡ, ಇದು ಅಕ್ಕೋರ ಮಾತು.

ಗುರುವಾರ ಇಂಜಿನಿಯರ್ ಬಂದಿದ್ದರು. ಚಿಕ್ಕ ವಯಸ್ಸಿನ ಹುಡುಗಿ, ಅಂಬಿಕಾ ಎಂದು ಹೆಸರು. ಬಾಗಿಲಲ್ಲಿ ನಿಂತು ಮೇಲೆ ನೋಡಿ, “ಇದರ ಕೆಳಗ ಪಾಠ ಮಾಡಿದ್ರೇನ್ರಿ?” ಎಂದಳು. ಮಾಡಿದ್ದೆ ಎಂದು ಒಪ್ಪಿಕೊಂಡೆ. ಹಳೆಯ ಮಾಳಿಗೆ ಕಿತ್ತು ಹೊಸದು ಹಾಕಬೇಕು, ಅಲ್ಲಿಯವರೆಗೆ ಒಂದೇ ಕೋಣೆಗೆ ಬೀಗ, ಶಾಲೆ ನಡೆಯಲಿ ಎಂದು ಬರೆದುಕೊಟ್ಟಳು. ಅರ್ಜಿಯ ದಿನಾಂಕ ಆಗಸ್ಟ್ ೨೦೨೩ ಎಂದೇ ಹಾಕಿದ್ದಾಳೆ. ಎಂಬತ್ತಮೂರು ಮಕ್ಕಳೂ ಇಲ್ಲೇ ಇರುತ್ತಾರೆ. ಪ್ರಮಾಣಪತ್ರದಲ್ಲಿ ಮೂರು ಕೋಣೆಗೆ ‘ಸುರಕ್ಷಿತ’ ಎಂದೂ ಒಂದಕ್ಕೆ ‘ಅಲ್ಲ’ ಎಂದೂ ಬರೆದು ಸಹಿ ಹಾಕಿದೆ.

ಅಂಜನಾ ದಿನಾ ಬರುತ್ತಾಳೆ. ಪಡಸಾಲೆಯಲ್ಲಿ ಕಿಟಕಿ ಇಲ್ಲ, ಆದ್ದರಿಂದ ಬೀದಿಯನ್ನೇ ನೋಡುತ್ತಾಳೆ. ಅವಳ ಅಜ್ಜಿ ಒಲೆಯ ಮುಂದಿನಿಂದ ಅವಳನ್ನೇ ನೋಡುತ್ತಿರುತ್ತಾಳೆ. ಬಂಡೆಮ್ಮನಿಗೆ ನಿನ್ನ ವಿಷಯ ಹೇಳಿದೆ. ಮುಚ್ಚಬಾರದೆಂದು ಎಲ್ಲವನ್ನೂ ಹೇಳಿದೆ. ಅವಳು ಬೇಳೆ ತಿರುವುತ್ತಲೇ, “ತಾನ ಮಾಡೀನಂತ ತಾನ ಬರದು ಕೊಟ್ಟಾನಲ್ರಿ. ಹಣ್ಣು ಕಳಸ್ರಿ ಅವಂಗ” ಎಂದಳು. ಕೆಂಪು ಬಾಳೆಹಣ್ಣು ಕಳಿಸಿದ್ದೇನೆ, ಅವಳೇ ಆರಿಸಿದ್ದು.

ಇದರ ಜೊತೆ ಮಸೂದೆಗೆ ನನ್ನ ಸಲಹೆ ಇದೆ. ಯಾವ ಕಲಮು ಎಂದು ಮೇಲೆ ಬರೆಯಬೇಕು ಎಂದಿದ್ದೆಯಲ್ಲ, ಎರಡನೆಯ ಕಲಮು. ಪದಗಳ ಅರ್ಥ ಹೇಳುವ ಕಲಮು ಅದು. ಎಲ್ಲ ಪದಗಳಿಗೂ ಅರ್ಥ ಕೊಟ್ಟಿದ್ದಾರೆ, ಒಂದನ್ನು ಬಿಟ್ಟಿದ್ದಾರೆ. ಅದನ್ನು ಸೇರಿಸಿ ಎಂದು ಕೇಳಿದ್ದೇನೆ. ನನ್ನ ಸಲಹೆ ಒಂದೇ ಸಾಲಿನದು:

‘ಮಾಳಿಗೆ ಎಂದರೆ ಮಕ್ಕಳು ಬೆರಳೆತ್ತಿ ತೋರಿಸುವ, ಅವರ ತಲೆಯ ಮೇಲಿನ ಹೊದಿಕೆ.’

ಬೆಂಗಳೂರಿನವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಇನ್‌ವರ್ಡ್ ನಂಬರ್ ಮಾತ್ರ ನಿನ್ನ ಕೈಯಿಂದಲೇ ಬೀಳಬೇಕು. ಮೂರು ಪ್ರತಿ ಸಾಕು ಎಂದಿದ್ದೆ. ಜೆರಾಕ್ಸ್ ಮಾಡಿಸಿಲ್ಲ, ಒಂದೊಂದನ್ನೂ ಕೈಯಾರೆ ಬರೆದಿದ್ದೇನೆ. ಹತ್ತು ಇವೆ, ಎಣಿಸಿಕೊ.

ಶಿವಕಾಂತಮ್ಮ